ಮೂರು ಗಂಟಿನ ವೈರು

ಫೆಬ್ರವರಿ 2, ಸೋಮವಾರ. ಬೆಳಿಗ್ಗೆ 7

ಕೂಡಿದ ಮಹಾಜನಗಳೇ! ಮುಂದಿನ ಸಾಲಿನ ಗಣ್ಯರೇ, ಹಿಂದಿನ ಬೆಂಚಿನ ಸೀಟಿಪ್ರವೀಣರೇ, ಟಿಕೆಟ್ ಇಲ್ಲದೆ ನುಗ್ಗಿದ ಪುಣ್ಯಾತ್ಮರೇ! ಗದ್ದಲ ಅಡಗಲಿ. ಪರದೆ ಏಳಲಿ.

ಯಾರೂ ಇಲ್ಲ. ಗೊತ್ತು. ಇದು ನೂರು ಹಾಳೆಯ ನೋಟ್‌ಬುಕ್. ಓದುವವನು ನಾನೊಬ್ಬನೇ. ಆದರೆ ನಾಟಕ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ರಾಜನಾಗಿ ಮೆರೆದವನು ನಾನು. ಹೀಗೆ ಕೂಗದೆ ಬಾಯಿ ತೆರೆದವನಲ್ಲ. ಪೆನ್ನಿನ ಮುಚ್ಚಳ ಮಾತ್ರ ಹೇಗೆ ತೆರೆಯಲಿ?

ರಂಗಸಜ್ಜಿಕೆ: ನಡುಮನೆ. ಕಿಟಕಿಯ ಪಕ್ಕ ಟೇಬಲ್. ಮೇಲೆ ಹೆಂಡತಿಯ ಕಂಪ್ಯೂಟರ್. ಗೋಡೆಯಲ್ಲಿ ಒಂದೇ ಒಂದು ಸಾಕೆಟ್. ಅದಕ್ಕೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್, ಆ ಬೋರ್ಡಿನ ಬಾಲಕ್ಕೆ ಇನ್ನೊಂದು ಬೋರ್ಡ್. ಅಲ್ಲಿಂದ ಹೊರಟ ವೈರುಗಳು... ಕಂಪ್ಯೂಟರಿನದು, ಮಾನಿಟರಿನದು, ಪ್ರಿಂಟರಿನದು, ಸ್ಪೀಕರಿನದು, ಇಂಟರ್‌ನೆಟ್ ಡಬ್ಬಿಯದು, ಹಾರ್ಡ್ ಡಿಸ್ಕಿನದು, ಟೇಬಲ್ ದೀಪದ್ದು, ಎರಡು ಫೋನ್ ಚಾರ್ಜರ್. ಜೊತೆಗೆ ಎಲ್ಲಿಂದಲೂ ಬಾರದ, ಎಲ್ಲಿಗೂ ಹೋಗದ ಒಂದು ಕರಿ ವೈರು. ಕೀಳಲು ಇಬ್ಬರಿಗೂ ಧೈರ್ಯವಿಲ್ಲ. ಎಲ್ಲವೂ ಒಂದನ್ನೊಂದು ತಬ್ಬಿಕೊಂಡು ನೆಲದ ಮೇಲೆ ಬಿದ್ದಿವೆ. ಯುದ್ಧದ ದೃಶ್ಯ ಮುಗಿದ ಮೇಲೆ ಪರದೆ ಬೀಳಲು ಮರೆತ ಹಾಗೆ.

ಇವತ್ತು ಕಾಫಿ ಲೋಟ ಹಿಡಿದು ಆ ದಾರಿಯಲ್ಲಿ ಪ್ರವೇಶ ಮಾಡಿದೆ. ಹೆಬ್ಬೆರಳು ಸಿಕ್ಕಿತು. ಬಿದ್ದೆ. ಧಡಾರ್!

ಹೆಂಡತಿ ಒಳಗಿಂದ ಓಡಿ ಬಂದಳು. "ಅಯ್ಯೋ, ಏನೂ ಆಗ್ಲಿಲ್ವಲ್ಲ?"

"ಇಲ್ಲ ಕಣೇ. ಮಂಡಿ ಸ್ವಲ್ಪ..."

"ನಿಮ್ಮನ್ನಲ್ಲ ಕೇಳಿದ್ದು. ಡಿಸ್ಕು!"

ಡಿಸ್ಕನ್ನು ಸೆರಗಿನಲ್ಲಿ ಒರೆಸಿ ನೋಡಿದಳು. ಆಮೇಲೆ ನನ್ನನ್ನು. "ಈ ವೈರುಗಳಿಗೊಂದು ಗತಿ ಕಾಣಿಸಿ ಅಂತ ಹದಿನೈದು ದಿನದಿಂದ ಬಡ್ಕೋತಾ ಇದೀನಿ."

ಎದೆ ಮುಟ್ಟಿಕೊಂಡೆ. "ಆಗಲಿ ದೇವಿ! ನಾಳೆ ಸೂರ್ಯ ಮುಳುಗುವುದರೊಳಗೆ—"

"ಪ್ರತಿಜ್ಞೆ ಬೇಡ. ನಾಲ್ಕು ಮೊಳೆ ಹೊಡೀರಿ, ಸಾಕು."

ಫೆಬ್ರವರಿ 4, ಬುಧವಾರ. ಸಂಜೆ

ಬರೆದಿಡುತ್ತೇನೆ. ಒಳಗೇ ಇಟ್ಟುಕೊಂಡರೆ ಹುಣ್ಣಾಗುತ್ತದೆ.

ಕಂಪನಿಯಲ್ಲಿ ಒಬ್ಬ ಪ್ರಾಂಪ್ಟರ್ ಇದ್ದ. ಈಗಲೂ ಇದ್ದಾನೆ, ಎರಡು ಬೀದಿ ಆಚೆ. ನಾನು ವೇದಿಕೆಯ ನಡುವೆ ದೀಪದ ಬೆಳಕಿನಲ್ಲಿ. ಅವನು ಸೈಡ್ ವಿಂಗಿನ ಕತ್ತಲಲ್ಲಿ ಪುಸ್ತಕ ಹಿಡಿದು, ಮೊಣಕಾಲ ಮೇಲೆ ಕೂತು. ಅವನು ಮುಂದಿನ ಮಾತನ್ನು ಪಿಸುಗುಟ್ಟಿ ಕೊಡಬೇಕು, ನಾನು ಗುಡುಗಬೇಕು. ಜನ ನನಗೆ ಒನ್ಸ್‌ಮೋರ್ ಕೂಗಿದರು. ಅವನ ಮುಖವನ್ನು ಯಾರೂ ನೋಡಲಿಲ್ಲ. ಎಲ್ಲ ಸರಿಯಾಗಿಯೇ ಇತ್ತು.

ಕಂಪನಿ ಮುಚ್ಚಿತು. ನಾನು ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಥೆ ಹೇಳುತ್ತೇನೆ. ಕಂಪನಿಯ ಉಡುಪು ಹೊಲಿಯುತ್ತಿದ್ದ ನನ್ನ ಹೆಂಡತಿ ಕಂಪ್ಯೂಟರ್ ಕಲಿತಳು. ಕಿವಿಯಲ್ಲಿ ಕೇಳುವ ಪುಸ್ತಕ ಮಾಡುವ ಒಂದು ಆಫೀಸಿಗೆ ಮನೆಯಿಂದಲೇ ಕೆಲಸ. ಓದಿದವರ ಕೆಮ್ಮು, ಉಸಿರು, ತಡವರಿಕೆ ಎಲ್ಲ ಕತ್ತರಿಸಿ ಕೊಡಬೇಕು. ಬಟ್ಟೆ ಕತ್ತರಿಸಿದ ಕೈ, ಸುಲಭವಾಗಿ ಕುದುರಿತು.

ಆ ಆಫೀಸು ನಲವತ್ತು ಅಧ್ಯಾಯದ ಒಂದು ಕಾದಂಬರಿಗೆ ದನಿ ಹುಡುಕುತ್ತಿತ್ತು. ನಾನು ಮಾದರಿ ಓದಿ ಕಳಿಸಿದೆ. ಆಫೀಸಿನ ಮೇಡಂ ಫೋನ್ ಮಾಡಿದರು. "ಸರ್, ದೊಡ್ಡ ದನಿ ನಿಮ್ಮದು. ಆದರೆ ನಮ್ಮಲ್ಲಿ ಕೇಳೋರು ಇಯರ್‌ಫೋನ್ ಹಾಕ್ಕೊಂಡಿರ್ತಾರೆ. ಕಿವಿ ಹತ್ರ ಬಂದು ಮೆಲ್ಲಗೆ ಹೇಳೋ ಹಾಗಿರಬೇಕು."

ಮೆಲ್ಲಗೆ! ಯಾರಿಗೆ ಸಿಕ್ಕಿತು ಆ ಕೆಲಸ? ಮಹಾಜನಗಳೇ, ನೀವೇ ಊಹಿಸಿ.

ಈಗ ಅವನು ತನ್ನ ಮನೆಯಲ್ಲಿ ಚಿಕ್ಕ ರೆಕಾರ್ಡರಿನಲ್ಲಿ ಓದುತ್ತಾನೆ. ಅದರೊಳಗಿನ ಕಾರ್ಡ್ ತಂದು ಕೊಡುತ್ತಾನೆ. ಇವಳು ಡಿಸ್ಕಿಗೆ ಇಳಿಸಿಕೊಂಡು, ಕಾರ್ಡ್ ಅಳಿಸಿ ವಾಪಸು ಕೊಡುತ್ತಾಳೆ. ಆಮೇಲೆ ಹೆಡ್‌ಫೋನ್ ಏರಿಸಿ ಕೂರುತ್ತಾಳೆ. ದಿನಕ್ಕೆ ಐದು ಗಂಟೆ! ನನ್ನ ಹೆಂಡತಿಯ ಎರಡೂ ಕಿವಿಯಲ್ಲಿ ಐದು ಗಂಟೆ ಇನ್ನೊಬ್ಬ ಪಿಸುಗುಟ್ಟುತ್ತಾನೆ. ನನ್ನ ಮನೆಯಲ್ಲೇ. ನಾನು ಎದುರಿಗೆ ಕುರ್ಚಿಯಲ್ಲಿ ಕೂತಿರುವಾಗಲೇ. ನನಗೆ ಒಂದಕ್ಷರ ಕೇಳಿಸದ ಹಾಗೆ.

ಇವತ್ತು ನಕ್ಕಳು. ಪುಸ್ತಕದಲ್ಲಿ ಸಾವಿನ ಅಧ್ಯಾಯ, ನನಗೆ ಗೊತ್ತು. ಆದರೂ ನಕ್ಕಳು.

"ಏನಂದ?"

ಒಂದು ಕಿವಿ ಬಿಡಿಸಿಕೊಂಡಳು. "ಹಾಂ?"

"ಏನಂದ ಅಂತ ನಗ್ತಿದೀಯ?"

"ಏನೂ ಇಲ್ಲ ಬಿಡಿ."

"ಏನೂ ಇಲ್ಲದ್ದಕ್ಕೆ ಯಾರಾದ್ರೂ ನಗ್ತಾರಾ?"

"ಏನೂ ಇಲ್ಲ ಅನ್ನೋದಕ್ಕೇ ನಗು ಬಂದಿದ್ದು." ಮತ್ತೆ ಕಿವಿ ಮುಚ್ಚಿಕೊಂಡಳು.

ವೈರಿನ ಕೆಲಸ ಇವತ್ತೂ ಆಗಲಿಲ್ಲ. ಮನಸ್ಸಿಲ್ಲ.

ಫೆಬ್ರವರಿ 8, ಭಾನುವಾರ. ಮಧ್ಯಾಹ್ನ 3

ಬಂದ. ಕೈಯಲ್ಲಿ ಸ್ಕ್ರೂಡ್ರೈವರ್, ಜೇಬಿನಲ್ಲಿ ಸ್ಕ್ರೂ, ಮುಖದ ಮೇಲೆ ಆ ಹಾಳು ವಿನಯ.

"ಅತ್ತಿಗೆ ಫೋನ್ ಮಾಡಿದ್ರು ಅಣ್ಣಾ. ವೈರು ಕಾಲಿಗೆ ಸಿಗುತ್ತೆ ಅಂತ."

"ನಾನೇ ಮಾಡೋನಿದ್ದೆ."

"ಗೊತ್ತಣ್ಣಾ. ನೀವು ಕೂತ್ಕೊಳಿ. ಇದು ನೆಲದ ಮೇಲೆ ಕೂರೋ ಕೆಲಸ. ನನಗೆ ಅಭ್ಯಾಸ."

ಇದು ಕುಟುಕೋ, ಮರ್ಯಾದೆಯೋ? ಕಂಪನಿಯ ಕಾಲದಿಂದಲೂ ತಿಳಿದಿಲ್ಲ.

ಮೊದಲು ಎಲ್ಲ ಬಿಚ್ಚಿದ. ಒಂದೊಂದೇ ವೈರು ಒದ್ದೆ ಬಟ್ಟೆಯಲ್ಲಿ ಎಳೆದು ಒರೆಸಿದ. ಎರಡು ಬೋರ್ಡ್ ಕಿತ್ತು, ತಾನು ತಂದಿದ್ದ ಉದ್ದದ ಒಂದೇ ಬೋರ್ಡನ್ನು ಟೇಬಲಿನ ಹೊಟ್ಟೆಗೆ ಅಡಿಯಿಂದ ಸ್ಕ್ರೂ ಹಾಕಿ ಕೂರಿಸಿದ. ಹೆಚ್ಚಾದ ಉದ್ದವನ್ನೆಲ್ಲ ಎಂಟರ ಆಕಾರದಲ್ಲಿ ಸುತ್ತಿದ. "ಹೀಗೆ ಸುತ್ತಿದ್ರೆ ತಿರುಚ್ಕೊಳಲ್ಲ ಅತ್ತಿಗೆ." ಎಲ್ಲಿಗೂ ಹೋಗದ ಆ ಕರಿ ವೈರನ್ನು ಕಿತ್ತು ನನ್ನ ಕೈಗೆ ಕೊಟ್ಟ. "ಇದು ಯಾವುದೂ ಅಲ್ಲ ಅಣ್ಣಾ." ಹಿಡಿದುಕೊಂಡು ನಿಂತೆ. ದಂಡವಿಲ್ಲದ ರಾಜನಿಗೆ ಬಾಲ ಸಿಕ್ಕ ಹಾಗೆ.

"ಗುರುತಿಗೆ ಬಟ್ಟೆ ಚೂರು ಏನಾದ್ರೂ ಇದ್ಯಾ ಅತ್ತಿಗೆ?"

ಒಳಗೆ ಹೋದಳು. ಟ್ರಂಕು ತೆಗೆದ ಸದ್ದು. ಹೊರಗೆ ಬಂದಾಗ ಅವಳ ಕೈಯಲ್ಲಿ... ಕೆಂಪು ಜರಿ... ನನ್ನ ಸೊಂಟಪಟ್ಟಿ! ರಾಜನ ಸೊಂಟಪಟ್ಟಿ! ಅದನ್ನು ಕಟ್ಟಿ ಎಷ್ಟು ಯುದ್ಧ ಗೆದ್ದಿದ್ದೇನೆ, ಎಷ್ಟು ಸಲ ಸತ್ತಿದ್ದೇನೆ!

"ಏ! ಏನದು?"

"ಹುಳ ತಿಂದಿದೆ ರೀ. ಮೂರು ಸಲ ತೋರಿಸಿದ್ದೆ. ಬಿಸಾಕು ಅಂತ ನೀವೇ ಅಂದ್ರಿ."

ಅಂದಿರಬಹುದು. ಅಂದದ್ದೆಲ್ಲ ಮಾಡಬೇಕೆ? ಕತ್ತರಿ ಆಡಿತು. ಚರ್, ಚರ್, ಚರ್. ಒಂಬತ್ತು ಚೂರು.

ತಡೆಯಲಾಗಲಿಲ್ಲ. ಟೀ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಪಾತ್ರೆಗಳನ್ನು ಬೇಕೆಂದೇ ಕುಕ್ಕಿದೆ. ನಡುನಡುವೆ ಅವನ ಮಾತು ಕೇಳಿಸಿತು. "ನಮ್ಮ ಪರದೆ ಹಗ್ಗದ ಲೆಕ್ಕಾನೇ ಅತ್ತಿಗೆ. ಒಂದು ಗಂಟು ಅರಮನೆ, ಎರಡು ಕಾಡು, ಮೂರು ಬೀದಿ. ಕತ್ತಲೇಲಿ ಕಣ್ಣು ಬೇಡ, ಬೆರಳು ಸಾಕು. ಇಲ್ಲೂ ಹಾಗೇ..." ಆಮೇಲಿನದು ಕೇಳಿಸಲಿಲ್ಲ. ನನ್ನ ಚಮಚದ ಸದ್ದು ಜಾಸ್ತಿಯಾಗಿತ್ತು.

ಬಾಗಿಲಿಗೆ ಬಂದು ನೋಡಿದರೆ ಟೇಬಲಿನ ಕೆಳಗೆ ಎರಡು ಬೆನ್ನು. ಅವಳು ಕಣ್ಣು ಮುಚ್ಚಿ ಗಂಟು ಮುಟ್ಟಿ ಏನೋ ಹೇಳುತ್ತಾಳೆ. ಅವನು, "ಸರಿಯಾಗಿ ಹೇಳಿದ್ರಿ ಅತ್ತಿಗೆ!" ಎನ್ನುತ್ತಾನೆ. ಇಬ್ಬರೂ ನಗುತ್ತಾರೆ.

ಟೀ ಉಕ್ಕಿ ಒಲೆ ಆರಿತು.

ಫೆಬ್ರವರಿ 9, ಸೋಮವಾರ

ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ನೆಲದ ಮೇಲೆ ಮಲಗಿ ಟೇಬಲಿನ ಅಡಿ ನೋಡಿದೆ. ಟಾರ್ಚ್ ಹಾಕಿ. ತಪ್ಪು ಹುಡುಕಲು. ಒಂದು ವೈರು ಜೋತು ಬಿದ್ದಿರಲಿ, ಒಂದು ಸ್ಕ್ರೂ ಓರೆಯಾಗಿರಲಿ...

ಏನೂ ಇಲ್ಲ. ತಲೆ ಬಾಚಿಕೊಂಡು ಶಾಲೆಗೆ ಹೊರಟ ಮಕ್ಕಳ ಹಾಗೆ ಸಾಲಾಗಿ ನಿಂತಿವೆ.

ಅವಳು ಫೋನಿನಲ್ಲಿ ಅಕ್ಕನಿಗೆ ಹೇಳುತ್ತಿದ್ದಳು: "ಈಗ ಕಾಲು ಚಾಚಿ ಕೂರ್ತೀನಿ ಕಣಕ್ಕಾ. ಇಷ್ಟು ವರ್ಷ ಕಾಲು ಮಡಚ್ಕೊಂಡೇ ಕೂತಿದ್ದೆ ಅಂತ ಈಗ ಗೊತ್ತಾಯ್ತು."

ಈ ಮಾತು ವೈರಿನದು ಮಾತ್ರವೇ?

ಫೆಬ್ರವರಿ 11, ಬುಧವಾರ. ಸಂಜೆ 5

ಬರೆಯಬಾರದು. ಬರೆಯುತ್ತೇನೆ.

ಅವಳು ಅಕ್ಕನ ಮನೆಗೆ ಹೋಗಿದ್ದಳು. ಮನೆಯಲ್ಲಿ ನಾನು, ಟೇಬಲ್, ಅದರಡಿಯಲ್ಲಿ ಒಂಬತ್ತು ಚೂರಾಗಿ ನೇತಾಡುವ ನನ್ನ ಸೊಂಟಪಟ್ಟಿ. ಸುಮ್ಮನೆ ನೋಡೋಣವೆಂದು ಒಂದು ಬಿಚ್ಚಿದೆ. ಆಮೇಲೆ ಇನ್ನೊಂದು. ಆಮೇಲೆ ಒಂಬತ್ತನ್ನೂ.

ಗಂಟುಗಳನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸಿದೆ, ಉದ್ದ ಸಾಲಲೆಂದು. ತುದಿಗೆ ತುದಿ ಸೇರಿಸಿ ಕಟ್ಟಿದೆ. ಬೀರುವಿನ ಕನ್ನಡಿಯ ಮುಂದೆ ನಿಂತು ಸೊಂಟಕ್ಕೆ ಸುತ್ತಿದೆ.

ಸುತ್ತು ಬರಲಿಲ್ಲ. ಹೊಟ್ಟೆ ಒಂದು ಗೇಣು ಹೆಚ್ಚು.

ಉಸಿರು ಒಳಗೆಳೆದೆ. ಇನ್ನೂ ನಾಲ್ಕು ಬೆರಳು. ಎದೆ ಉಬ್ಬಿಸಿ, ಕಣ್ಣು ಕೆರಳಿಸಿ, "ಎಲವೋ ದ್ರೋಹಿ! ನನ್ನ ಆಸ್ಥಾನದಲ್ಲೇ..." ಎಂದು ಶುರುಮಾಡಿದ್ದೆ, ಅಷ್ಟರಲ್ಲಿ ಗೇಟಿನ ಹತ್ತಿರ ಅವಳ ಚಪ್ಪಲಿಯ ಸದ್ದು!

ಮಹಾಜನಗಳೇ, ಈ ವಯಸ್ಸಿನಲ್ಲಿ ಅಷ್ಟು ಬೇಗ ಟೇಬಲಿನ ಕೆಳಗೆ ನುಗ್ಗಿದ ರಾಜ ಇನ್ನೊಬ್ಬನಿಲ್ಲ. ಚೂರುಗಳನ್ನು ಬಿಡಿಸಿದೆ. ಗಂಟುಗಳಿದ್ದವು, ಅದು ನೆನಪಿತ್ತು. ಒಂದು, ಎರಡು, ಮೂರು, ಹೀಗೆ. ಯಾವುದು ಯಾವ ವೈರಿಗೆ? ನನಗೆಲ್ಲಿ ಗೊತ್ತು! ರಾಜರು ಯಾವತ್ತಾದರೂ ಪರದೆ ಹಗ್ಗ ಎಳೆದಿದ್ದಾರೆಯೇ? ಕಣ್ಣಿಗೆ ಚೆಂದ ಕಾಣುವ ಹಾಗೆ ಕಟ್ಟಿದೆ. ದಪ್ಪ ಅಡಾಪ್ಟರಿಗೆ ಮೂರು ಗಂಟು, ಸಣಕಲು ವೈರಿಗೆ ಒಂದು.

"ಏನ್ರೀ, ಕೆಳಗೇನು ಮಾಡ್ತಿದೀರಿ?"

"ಪೆನ್ ಬಿತ್ತು."

ಫೆಬ್ರವರಿ 12, ಗುರುವಾರ

ಅವಳಿಗೆ ಗೊತ್ತಾಗಿಲ್ಲ. ಯಾರು ನೋಡುತ್ತಾರೆ ಟೇಬಲಿನ ಅಡಿ.

ಫೆಬ್ರವರಿ 14, ಶನಿವಾರ. ಸಂಜೆ

ಬೆಳಿಗ್ಗೆ ಹತ್ತೂವರೆ. ಅವಳು ಕೆಲಸದಲ್ಲಿ. ಆಫೀಸಿನ ಒಂದು ಕಾಗದ ಪ್ರಿಂಟ್ ತೆಗೆದಳು. ನಮ್ಮ ಪ್ರಿಂಟರ್ ಮುದುಕ, ಸ್ವಿಚ್ಚು ಕೆಟ್ಟಿದೆ. ಕೆಲಸ ಮುಗಿದ ಮೇಲೂ ಗುಂಯ್ ಎನ್ನುತ್ತಲೇ ಇರುತ್ತದೆ. ಆ ಸದ್ದಿನಲ್ಲಿ ಅವಳಿಗೆ ಸಣ್ಣ ದನಿ ಕೇಳಿಸುವುದಿಲ್ಲ. ಅದಕ್ಕೇ ಪ್ರತಿ ಸಲ ಪ್ಲಗ್ ಕೀಳುತ್ತಾಳೆ.

ಕಣ್ಣು ಪರದೆಯ ಮೇಲೇ ಇತ್ತು. ಕೈ ಕೆಳಗೆ ಹೋಯಿತು. ಬೆರಳು ತಡಕಿತು. ಒಂದು ಗಂಟು... ಎರಡು... ಮೂರು. ಎಳೆದಳು.

ಪ್ರಿಂಟರ್ ಗುಂಯ್ ಎನ್ನುತ್ತಲೇ ಇತ್ತು. ಡಿಸ್ಕು ನಿಂತಿತು.

ನಾನು ಎದುರಿಗಿದ್ದೆ, ಕುರ್ಚಿಯಲ್ಲಿ. ಅವಳ ಕೈ ಕೆಳಗೆ ಹೋದದ್ದು ನೋಡಿದೆ. ಏನಾಗುತ್ತಿದೆ ಎಂದು ತಿಳಿಯುವುದರೊಳಗೆ ಆಗಿಹೋಗಿತ್ತು.

ರಿಪೇರಿ ಅಂಗಡಿಯವನು ಮಧ್ಯಾಹ್ನದವರೆಗೆ ಕುಟ್ಟಿ ನೋಡಿ ತಲೆಯಾಡಿಸಿದ. "ಬರೀತಾ ಇರೋವಾಗ ಎಳೆದಿದೀರಿ ಮೇಡಂ. ಏನೂ ಉಳಿದಿಲ್ಲ." ಇಪ್ಪತ್ತೆರಡರಿಂದ ಮೂವತ್ತರವರೆಗೆ, ಒಂಬತ್ತು ಅಧ್ಯಾಯ. ಅದರ ಹಿಂದಿನವು ಆಗಲೇ ಆಫೀಸು ಸೇರಿದ್ದವು. ಕಾರ್ಡಿನಲ್ಲೂ ಇಲ್ಲ, ಅಳಿಸಿ ಕೊಟ್ಟಾಗಿದೆ. ತಿಂಗಳ ಕೊನೆಗೆ ಪುಸ್ತಕ ಆಫೀಸಿಗೆ ಒಪ್ಪಿಸಬೇಕು.

ಅವಳು ಟೇಬಲ್ ಮುಂದೆ ಕೂತೇ ಇದ್ದಳು. ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಾ. "ಮೂರು ಗಂಟೇ ರೀ. ಚೆನ್ನಾಗಿ ಎಣಿಸಿದೆ. ಮೂರು ಅಂದ್ರೆ ಪ್ರಿಂಟರ್."

ಇಲ್ಲೇ ಹೇಳಬಹುದಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ.

"ಅವನೇ ತಪ್ಪು ಕಟ್ಟಿರಬೇಕು!"

ಎಂಥ ದನಿ! ಸ್ಪಷ್ಟ, ತುಂಬಿದ, ಕೊನೆಯ ಬೆಂಚಿಗೂ ಕೇಳುವ ದನಿ. ಎಷ್ಟೋ ವಾರದ ನಂತರ ನನ್ನ ಡೈಲಾಗು ಸರಿಯಾಗಿ ಬಂದಿತ್ತು.

ಅವಳು ನನ್ನ ಮುಖ ನೋಡಿದಳು. ಬಗ್ಗಿ ಟೇಬಲಿನ ಅಡಿ ಕೈಯಾಡಿಸಿದಳು. ಆಮೇಲೆ ಅವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ನಡೆದದ್ದು ಹೇಳಿದಳು. "ಇವರು ಹೇಳ್ತಾರೆ, ನೀವು ಗಂಟು ತಪ್ಪು ಕಟ್ಟಿರಬೇಕು ಅಂತ."

ಆ ಕಡೆ ಪುಸ್ತಕ ಮುಚ್ಚಿದ ಸದ್ದು.

"ಆಗಿರಬಹುದು ಅತ್ತಿಗೆ," ಎಂದ. "ವಯಸ್ಸಾಯ್ತು ನೋಡಿ, ಲೆಕ್ಕ ತಪ್ಪಿರಬೇಕು. ನೀವು ಅಳಬೇಡಿ. ಮತ್ತೆ ಓದ್ತೀನಿ."

ಆಗಿರಬಹುದು! ಈ ಮಾತು ಹಿಂದೆ ಒಮ್ಮೆ ಕೇಳಿದ್ದೇನೆ. ಮೂರನೇ ಅಂಕದಲ್ಲಿ ನಾನು ಮಾತು ಮರೆತು ಮರದ ಹಾಗೆ ನಿಂತಿದ್ದೆ. ಜನ ಕೂಗಿದರು. ಒಳಗೆ ಬಂದು ಮಾಲೀಕರಿಗೆ ಸೈಡ್ ವಿಂಗ್ ತೋರಿಸಿದೆ: "ಇವನು ಮಾತೇ ಕೊಡಲಿಲ್ಲ!" ಕೊಟ್ಟಿದ್ದ. ಎರಡು ಸಲ ಕೊಟ್ಟಿದ್ದ. ಮಾಲೀಕರು ಕೇಳಿದಾಗ, "ಆಗಿರಬಹುದು" ಎಂದ. ಒಂದು ತಿಂಗಳು ಅವನನ್ನು ಗೇಟಿನಲ್ಲಿ ಟಿಕೆಟ್ ಹರಿಯಲು ನಿಲ್ಲಿಸಿದರು. ಆ ತಿಂಗಳು ನನಗೆ ಒನ್ಸ್‌ಮೋರ್ ಬರಲಿಲ್ಲ.

ಅವನು ಜಗಳ ಆಡುವುದಿಲ್ಲ. ಅದಕ್ಕೇ ಹೊಟ್ಟೆ ಉರಿಯುತ್ತದೆ. ಒಂದು ಸಲವಾದರೂ ಎದುರು ನಿಂತು ಬೈದಿದ್ದರೆ ಸಮಸಮ ಆಗುತ್ತಿದ್ದೆವು.

ಫೆಬ್ರವರಿ 19, ಗುರುವಾರ. ಬೆಳಿಗ್ಗೆ 11

ಐದು ದಿನ ಈ ಪುಸ್ತಕ ಮುಟ್ಟಲಿಲ್ಲ.

ಅವನು ಬೆಳಿಗ್ಗೆಯಿಂದ ಸಂಜೆವರೆಗೆ ಓದುತ್ತಿದ್ದಾನಂತೆ. ಮುಂದಿನ ಮೂವತ್ತೊಂದನ್ನು ಮೊದಲೇ ಮುಗಿಸಿದ್ದ, ಅದನ್ನು ಕೊಟ್ಟಿದ್ದಾನೆ. ಕಳೆದುಹೋದ ಒಂಬತ್ತರಲ್ಲಿ ನಾಲ್ಕಾಗಿದೆ. ಮೊನ್ನೆಯಿಂದ ಗಂಟಲು ಕಟ್ಟಿದೆ. ಇವಳು ಸಂಜೆಸಂಜೆ ಹೋಗಿ ಬಿಸಿನೀರು, ಔಷಧಿ ಕೊಟ್ಟು ಬರುತ್ತಾಳೆ. ಮನೆಗೆ ಬಂದರೆ ಮಾತಿಲ್ಲ. ಊಟದ ತಟ್ಟೆ ಇಡುವ ಸದ್ದಿನಲ್ಲೇ ಎಲ್ಲ ಮಾತು.

ನನ್ನ ಗಂಟಲು ಕಟ್ಟಿದಾಗ ಇಷ್ಟು ಓಡಾಡಿದ್ದಳೇ? ನೆನಪು ಮಾಡಿಕೊಂಡೆ. ಓಡಾಡಿದ್ದಳು. ಆದರೂ.

ಈಗ ಹತ್ತು ನಿಮಿಷದ ಹಿಂದೆ ನನ್ನ ಫೋನ್. ಆಫೀಸಿನ ಮೇಡಂ.

"ಸರ್, ಅವರ ದನಿ ಹೋಗಿದೆ ಅಂತ ಕೇಳ್ಪಟ್ಟೆ. ಅವರು ಸರಿಹೋಗೋವರೆಗೆ ಕಾಯೋಕಾಗಲ್ಲ. ನೀವು ಸ್ವಲ್ಪ ತಗ್ಗಿಸಿ ಓದ್ತೀರಾದ್ರೆ... ಪೂರ್ತಿ ಪುಸ್ತಕ, ಮೊದಲಿಂದ. ನಿಮ್ಮ ಹೆಸರಲ್ಲೇ. ಸೋಮವಾರದೊಳಗೆ ಹೇಳಿ."

ಪೂರ್ತಿ ಪುಸ್ತಕ. ನನ್ನ ಹೆಸರಿನಲ್ಲಿ. ಅವಳ ಎರಡೂ ಕಿವಿಯಲ್ಲಿ ದಿನಕ್ಕೆ ಐದು ಗಂಟೆ ನಾನು.

ಎಷ್ಟು ಸುಲಭ! ಏನೂ ಮಾಡಬೇಕಿಲ್ಲ. ಸುಮ್ಮನಿದ್ದರೆ ಸಾಕು. ಸುಮ್ಮನಿರುವ ಪಾತ್ರ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಫೆಬ್ರವರಿ 20, ಶುಕ್ರವಾರ. ಸಂಜೆ 6

ಇವಳು ಅವನ ಮನೆಗೆ ಹೋದಳು, ಮತ್ತೆ. ನಾನು ಟೇಬಲ್ ಮುಂದೆ ಕೂತೆ. ಸ್ಕ್ರೀನಿನ ಮೇಲೆ ಮೂವತ್ತೊಂದನೇ ಅಧ್ಯಾಯ, ಇನ್ನೂ ಕತ್ತರಿ ಬೀಳದ್ದು. ಹೆಡ್‌ಫೋನ್ ಹಾಕಿಕೊಂಡೆ. ಅದಕ್ಕೆ ಅವಳ ಎಣ್ಣೆಯ ವಾಸನೆ. ಕೇಳೇ ಬಿಡೋಣ, ಏನಿದೆ ಆ ದನಿಯಲ್ಲಿ. ಒಂದು ತಪ್ಪು ಸಿಕ್ಕರೆ ಸೋಮವಾರ 'ಹೂಂ' ಅನ್ನಲು ಸಲೀಸು.

ಅವನ ದನಿ. ಕಿವಿಯೊಳಗೇ. "ಅವಳು ಬಾಗಿಲು ತೆರೆದಳು."

ಆಮೇಲೆ ಏನೂ ಇಲ್ಲ.

ಕಾದೆ. "ಹೊರಗೆ ಯಾರೂ ಇರಲಿಲ್ಲ." ಮತ್ತೆ ಏನೂ ಇಲ್ಲ. ಒಂದು ವಾಕ್ಯ, ಖಾಲಿ. ಒಂದು ವಾಕ್ಯ, ಖಾಲಿ.

ಸಿಕ್ಕಿತು ತಪ್ಪು! ಓದಲೇ ಬರುವುದಿಲ್ಲ ಇವನಿಗೆ! ಕುರ್ಚಿಯಿಂದ ಅರ್ಧ ಎದ್ದೆ, ಖುಷಿಯಿಂದ. "ಹೋದವನು ಹಿಂತಿರುಗಲಿಲ್ಲ," ಎಂದ. ಖಾಲಿ. ಆ ಖಾಲಿಯಲ್ಲಿ ನನ್ನ ಬಾಯಿ ತಾನಾಗಿ ತೆರೆಯಿತು.

"ಹೋದವನು ಹಿಂತಿರುಗಲಿಲ್ಲ!"

ನನ್ನ ಮಾತು ಮುಗಿಯುವುದಕ್ಕೂ ಅವನ ಮುಂದಿನ ಮಾತು ಶುರುವಾಗುವುದಕ್ಕೂ ಒಂದು ಕೂದಲೆಳೆಯ ಅಂತರವಿರಲಿಲ್ಲ. ಅಳೆದು ಕತ್ತರಿಸಿದ ಹಾಗೆ. ಇನ್ನೊಂದು ವಾಕ್ಯ. ಅದನ್ನೂ ಹೇಳಿದೆ. ಕೂತಿತು. ಉದ್ದದ ವಾಕ್ಯಕ್ಕೆ ಉದ್ದದ ಖಾಲಿ. ನಾನು ಎಲ್ಲಿ ಉಸಿರು ಎಳೆಯುತ್ತೇನೆ, ಎಲ್ಲಿ ಕೈ ಎತ್ತಿ ಅರೆಕ್ಷಣ ನಿಲ್ಲುತ್ತೇನೆ, ಎಲ್ಲದಕ್ಕೂ ಜಾಗವಿತ್ತು. ಎದ್ದು ನಿಂತೆ. ವೈರು ಕಾಲಿಗೆ ಸಿಗಲಿಲ್ಲ. ಅವನು ಕೊಟ್ಟ, ನಾನು ಆಡಿದೆ. ಎಷ್ಟು ಹೊತ್ತೋ.

ತಿರುಗಿದರೆ ಬಾಗಿಲಲ್ಲಿ ಅವಳು. ಕೈಯಲ್ಲಿ ಖಾಲಿ ಫ್ಲಾಸ್ಕ್.

"ಬೀದಿ ತುದಿವರೆಗೂ ಕೇಳಿಸ್ತಿದೆ," ಎಂದಳು.

"ಇವನು ಯಾಕೆ ಹೀಗೆ ನಿಲ್ಲಿಸ್ತಾನೆ?"

"ಹೇಳಿ ಹೇಳಿ ಸಾಕಾಯ್ತು. ಒಂದೇ ಸಮ ಓದೋಕೆ ಬರಲ್ವಂತೆ. ಒಂದು ಮಾತು ಹೇಳಿದ್ರೆ ನೀವು ಹೇಳೋವರೆಗೂ ಕಾಯಬೇಕು ಅನ್ಸುತ್ತಂತೆ. ಅಭ್ಯಾಸ." ಫ್ಲಾಸ್ಕ್ ಕೆಳಗಿಟ್ಟಳು. "ನನ್ನ ಅರ್ಧ ಕೆಲಸ ಅದೇ ರೀ. ನಿಮ್ಮ ಜಾಗ ಕತ್ತರಿಸೋದು. ದಿನಕ್ಕೆ ನಾನೂರು ಸಲ. ಒಂದೊಂದು ಕಡೆ ನೀವು ಗಂಟಲು ಸರಿಮಾಡ್ಕೊಳೋದಕ್ಕೂ ಬಿಟ್ಟಿರ್ತಾನೆ. ನಗು ಬರದೆ ಏನು ಮಾಡುತ್ತೆ?"

ಹೆಡ್‌ಫೋನ್ ತೆಗೆದು ಅವಳಿಗೆ ಕೊಟ್ಟೆ. ಅವಳು ಅದರ ವೈರನ್ನು ಎಂಟರ ಆಕಾರದಲ್ಲಿ ಸುತ್ತಿಟ್ಟಳು.

ಹೊಟ್ಟೆಕಿಚ್ಚು ಆರಿತೆಂದು ಯಾರಾದರೂ ತಿಳಿದೀರಿ! ಇಲ್ಲ. ಇನ್ನೂ ಜೋರಾಗಿ ಉರಿಯುತ್ತಿದೆ. ಇಪ್ಪತ್ತೆರಡು ವರ್ಷ ನಾನು ಅವನಿಗೆ ಇಷ್ಟಾದರೂ ಜಾಗ ಬಿಟ್ಟಿದ್ದೆನೇ? ಅದರಲ್ಲೂ ಅವನೇ ಗೆದ್ದ.

ಫೆಬ್ರವರಿ 21, ಶನಿವಾರ. ಬೆಳಿಗ್ಗೆ 8

ಕಾಫಿ ತಂದಿಟ್ಟಳು. ಲೋಟದ ಪಕ್ಕ ಒಂದು ಕೆಂಪು ಚೂರು. ಮೂರು ಗಂಟಿನದು.

"ಇದು ಅವನ ಗಂಟಲ್ಲ," ಎಂದಳು.

ನಾನು ಕಾಫಿ ನೋಡಿದೆ.

"ಹದಿನೆಂಟು ವರ್ಷ ಆ ಕಂಪನೀಲಿ ಹೊಲಿದೋಳು ನಾನು. ಯಾರ ಗಂಟು ಯಾವುದು ಅಂತ ಬೆರಳಿಗೆ ಗೊತ್ತಾಗುತ್ತೆ. ಅವನದು ಚಪ್ಪಟೆ, ಒತ್ತಿದ್ರೆ ಕಲ್ಲು. ಇದು..." ಒಂದು ತುದಿ ಹಿಡಿದು ಎಳೆದಳು. ಸುರ್ರನೆ ಬಿಚ್ಚಿಕೊಂಡಿತು. "ಪೈಜಾಮದ ಗಂಟು. ಈ ಮನೇಲಿ ಪೈಜಾಮ ಹಾಕೋರು ಒಬ್ರೇ."

"ಯಾವತ್ತಿಂದ ಗೊತ್ತು ನಿನಗೆ?"

"ಡಿಸ್ಕು ಹೋದ ದಿನದಿಂದ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಅದು ನಿಮ್ಮ ಡೈಲಾಗು. ನಾನ್ಯಾಕೆ ಹೇಳ್ಲಿ?"

"ಅವನಿಗೆ ಹೇಳಿದೀಯಾ?"

"ಇಲ್ಲ." ಒಳಗೆ ಹೊರಟವಳು ನಿಂತಳು. "ನೀವು ಹೇಳ್ತೀರಿ ಅಂತ ಒಂದು ವಾರದಿಂದ ಕಾಯ್ತಾ ಇದೀನಿ. ಕಾಯೋದು ನನಗೂ ಅಭ್ಯಾಸ ಆಗಿದೆ. ಆದರೆ ಅವನ ಗಂಟಲಿಗೆ ಕಾಯೋಕಾಗಲ್ಲ."

ಫೆಬ್ರವರಿ 21, ಸಂಜೆ 7

ಇವತ್ತು ಎಲ್ಲ ಒಂಬತ್ತು ಚೂರೂ ಬಿಚ್ಚಿದೆ. ಅವಳು ಟೇಬಲಿನ ಪಕ್ಕ ನೆಲದ ಮೇಲೆ ಕೂತು ಹೇಳಿದಳು, ನಾನು ಕೆಳಗೆ ಮಲಗಿ ಕಟ್ಟಿದೆ. "ಒಂದು, ಕಂಪ್ಯೂಟರ್. ಎರಡು, ಡಿಸ್ಕು. ಮೂರು, ಪ್ರಿಂಟರ್. ಹಾಗಲ್ಲ ರೀ, ಎಡಗಡೆಯಿಂದ ಮೇಲೆ. ಈಗ ಬಲಗಡೆಯಿಂದ. ಹಾಂ. ಎಳೀರಿ." ಚಪ್ಪಟೆ ಗಂಟು ಬಂತು, ಏಳನೇ ಸಲಕ್ಕೆ. ಸಿಂಹಾಸನದಿಂದ ಕಾಣದ ಎಷ್ಟೋ ಸಂಗತಿಗಳು ನೆಲದಿಂದ ಕಾಣುತ್ತವೆ. ಟೇಬಲಿನ ಅಡಿ, ಬೋರ್ಡಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಾನೆ: 'ಅಣ್ಣ ಎಡವದ ಹಾಗೆ ಇಲ್ಲಿಂದ ತಿರುಗಿಸಬೇಕು.' ಬಾಣದ ಗುರುತು ಬೇರೆ. ಯಾರೂ ನೋಡದ ಜಾಗದಲ್ಲಿ. ಆವತ್ತು ಟಾರ್ಚ್ ಹಾಕಿ ತಪ್ಪು ಹುಡುಕಿದ ನನಗೂ ಕಾಣಲಿಲ್ಲ.

ಮೇಡಂಗೆ ಫೋನ್ ಮಾಡಿದೆ. ಸೋಮವಾರದವರೆಗೆ ಕಾಯಲಿಲ್ಲ. "ಪುಸ್ತಕ ಅವನದು. ಒಂಬತ್ತು ಅಧ್ಯಾಯ ಹೋದದ್ದು ನನ್ನಿಂದ. ಗಡುವಿನ ಮೇಲೆ ಒಂದು ವಾರ ಹೆಚ್ಚು ಕೊಡಿ," ಎಂದೆ. ಮೆಲ್ಲಗೆ ಹೇಳಿದೆ. ಇಯರ್‌ಫೋನಿನಲ್ಲಿ ಕೇಳುವಷ್ಟು ಮೆಲ್ಲಗೆ. ಅವರು ಎರಡು ಸಲ "ಹಲೋ? ಹಲೋ?" ಅಂದರು. ಮೂರನೇ ಸಲ ಗುಡುಗಬೇಕಾಯಿತು. ನಾಲ್ಕು ದಿನ ಹೆಚ್ಚು ಕೊಟ್ಟಿದ್ದಾರೆ.

ಮೇಡಂಗೆ ಹೇಳುವುದು ಸುಲಭವಿತ್ತು. ಅವರ ಮುಖ ಕಾಣಿಸುವುದಿಲ್ಲ.

ಮಹಾಜನಗಳೇ, ಕೊನೆಯ ಅಂಕ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಹೊರಡುತ್ತೇನೆ. ಎರಡು ಬೀದಿ. ನಡೆದೇ ಹೋಗುತ್ತೇನೆ. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್. ಅವನ ಕೋಣೆಯಲ್ಲೂ ವೈರುಗಳು ಹರಡಿಕೊಂಡಿವೆಯಂತೆ, ತನ್ನ ಮನೆಯದಕ್ಕೆ ಸಮಯ ಸಿಕ್ಕಿಲ್ಲ ಅವನಿಗೆ. ಅವನು ಓದಲಿ, ನಾನು ನೆಲದ ಮೇಲೆ ಕೂತು ಅವನ್ನು ಸುತ್ತುತ್ತೇನೆ, ಎಂಟರ ಆಕಾರದಲ್ಲಿ, ಸದ್ದು ಮಾಡದೆ. ಆದರೆ ಅದೆಲ್ಲ ಆಮೇಲೆ. ಮೊದಲು ಹೊಸ್ತಿಲಲ್ಲೇ ನಿಂತು ಹೇಳಬೇಕು. ಮರೆಯಬಾರದು. ಈ ಮಾತಿಗೆ ಅವನು ಪ್ರಾಂಪ್ಟ್ ಕೊಡಲಾರ, ಅವನಿಗೆ ಗೊತ್ತಿಲ್ಲ. ಬಾಗಿಲು ತೆರೆಯುತ್ತಾನೆ. "ಬನ್ನಿ ಅಣ್ಣಾ" ಅನ್ನುತ್ತಾನೆ, ಆ ಒಡೆದ ಗಂಟಲಲ್ಲಿ. ಆಗ ನಾನು ಅವನ ಕಣ್ಣು ನೋಡಿ, ಮೂರನೇ ಅಂಕದ ಆ ದಿನದಿಂದ ಶುರುಮಾಡಿ ಹೇಳುತ್ತೇನೆ: "ತಮ್ಮಾ, ಆವತ್ತೂ ನೀನು ಮಾತು ಕೊಟ್ಟಿದ್ದೆ. ಈ ಸಲ ಗಂಟು ತಪ್ಪು ಕಟ್ಟಿದ್ದೂ ನಾನೇ."